ಜೆನೆಟ್ ರ್ಯಾಂಕಿನ್: ಎರಡು ಮತಗಳಿಗೆ ಇಳಿಸಲಾಗದ ರಾಜಕಾರಣಿ

ಪ್ರಶ್ನೆ: ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಮಹಿಳೆ ಜೆನೆಟ್ ರ್ಯಾಂಕಿನ್ ಎಂದೂ ಅವರು ಗೆದ್ದದ್ದು 1916ರಲ್ಲಿ ಎಂದೂ ಓದಿದೆ. ಆದರೆ ಅಲ್ಲಿನ ಮಹಿಳೆಯರಿಗೆ ಮತದಾನದ ಹಕ್ಕು ಬಂದದ್ದು 1920ರಲ್ಲಿ. ಹಾಗಿದ್ದರೆ ಅವರು ಚುನಾವಣೆಗೆ ನಿಂತು ಗೆದ್ದದ್ದು ಹೇಗೆ? ಎರಡು ಮಹಾಯುದ್ಧಗಳ ವಿರುದ್ಧವೂ ಮತ ಹಾಕಿದ್ದರಿಂದಲೇ ಅವರ ರಾಜಕೀಯ ಜೀವನ ಮುಗಿದುಹೋಯಿತು ಎನ್ನುವುದು ನಿಜವೇ? ಗಾಂಧೀಜಿಯವರ ಪ್ರಭಾವದಿಂದ ಅವರು ಹಾಗೆ ಮತ ಹಾಕಿದರೆಂದು ಒಬ್ಬರು ಹೇಳಿದರು. ಇದರಲ್ಲಿ ಎಷ್ಟು ಸತ್ಯವಿದೆ?

ಉತ್ತರ: ನಿಮ್ಮ ಮೊದಲ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವಿಷಯಗಳು ಬೆರೆತಿವೆ. ಮತ ಹಾಕುವ ಹಕ್ಕು ಒಂದು, ಸದಸ್ಯರಾಗುವ ಅರ್ಹತೆ ಇನ್ನೊಂದು. 1787ರಲ್ಲಿ ರಚನೆಯಾದ ಅಮೆರಿಕದ ಸಂವಿಧಾನವು ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಕೆಳಮನೆಯಾದ ಪ್ರತಿನಿಧಿ ಸಭೆಯ ಸದಸ್ಯತ್ವಕ್ಕೆ ಮೂರೇ ಅರ್ಹತೆಗಳನ್ನು ಹೇಳುತ್ತದೆ. ಸದಸ್ಯರಿಗೆ 25 ವರ್ಷ ತುಂಬಿರಬೇಕು, ಅವರು ಕನಿಷ್ಠ 7 ವರ್ಷ ದೇಶದ ಪೌರರಾಗಿರಬೇಕು, ಆಯ್ಕೆಯಾಗುವ ಹೊತ್ತಿಗೆ ಆಯಾ ರಾಜ್ಯದ ನಿವಾಸಿಯಾಗಿರಬೇಕು. ಗಂಡಸರೇ ಆಗಿರಬೇಕೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಈ ಮೌನವನ್ನು ಬಳಸಿಕೊಂಡೇ ಸ್ತ್ರೀ ಮತದಾನ ಚಳವಳಿಯ ನಾಯಕಿ ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಅವರು 1866ರಷ್ಟು ಹಿಂದೆಯೇ ನ್ಯೂಯಾರ್ಕಿನಿಂದ ಕಾಂಗ್ರೆಸ್ಸಿಗೆ ಸ್ಪರ್ಧಿಸಿದ್ದರು. ಅವರಿಗೆ ಸಿಕ್ಕಿದ್ದು 24 ಮತ, ಎಲ್ಲವೂ ಗಂಡಸರದ್ದೇ, ಏಕೆಂದರೆ ಅವರಿಗೆ ಮತ ಹಾಕಲು ಅಲ್ಲಿ ಒಬ್ಬ ಹೆಂಗಸಿಗೂ ಅವಕಾಶವಿರಲಿಲ್ಲ.

ಮತ ಹಾಕುವವರು ಯಾರು ಎಂಬುದನ್ನು ಸಂವಿಧಾನವು ಬಹುಮಟ್ಟಿಗೆ ರಾಜ್ಯಗಳಿಗೇ ಬಿಟ್ಟಿತ್ತು. ಲಿಂಗದ ಕಾರಣಕ್ಕೆ ಯಾವ ರಾಜ್ಯವೂ ಮತದಾನದ ಹಕ್ಕನ್ನು ನಿರಾಕರಿಸುವಂತಿಲ್ಲ ಎಂದು 1920ರ 19ನೆಯ ತಿದ್ದುಪಡಿ ಹೇಳಿತು. ಆ ಹೊತ್ತಿಗಾಗಲೇ ಪಶ್ಚಿಮದ ಹಲವು ರಾಜ್ಯಗಳು ತಾವಾಗಿಯೇ ಆ ಹಕ್ಕನ್ನು ಕೊಟ್ಟಿದ್ದವು. ವಯೋಮಿಂಗ್ ಇನ್ನೂ ರಾಜ್ಯವೇ ಆಗದಿದ್ದ ಕಾಲದಲ್ಲಿ, 1869ರಲ್ಲಿ, ಈ ಹಾದಿ ತೆರೆದಿತ್ತು. 1916ರ ಚುನಾವಣೆಯ ಹೊತ್ತಿಗೆ ಪೂರ್ಣ ಮತದಾನದ ಹಕ್ಕು ಪಡೆದ ಮಹಿಳೆಯರು 11 ರಾಜ್ಯಗಳಲ್ಲಿದ್ದರು. 1914ರ ನವೆಂಬರಿನಲ್ಲಿ ಅಲ್ಪ ಅಂತರದಿಂದ ಆ ಪಟ್ಟಿಗೆ ಸೇರಿದ ಮೊಂಟಾನಾ ಅವುಗಳಲ್ಲಿ ಒಂದು. ಅಲ್ಲಿ ಆ ಗೆಲುವನ್ನು ಸಂಘಟಿಸಿದವರಲ್ಲಿ ಮುಖ್ಯರಾದವರು ಇದೇ ರ್ಯಾಂಕಿನ್. ಅಂದರೆ ತಮ್ಮ ಮತದಾರರ ಒಂದು ದೊಡ್ಡ ಭಾಗವನ್ನು ಅವರು ಮೊದಲು ಮತಪಟ್ಟಿಗೆ ತಂದು, ಆಮೇಲೆ ಅವರ ಬಳಿ ಮತ ಕೇಳಿದರು. ಇದನ್ನು ಮರೆತರೆ ಅವರ ಜೀವನದ ಉಳಿದ ಭಾಗವೂ ಸರಿಯಾಗಿ ಅರ್ಥವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಎರಡು ಸಲ ಯುದ್ಧ ಬೇಡವೆಂದ ಧೀರೆ ಎಂದಷ್ಟೇ ಅವರನ್ನು ನೆನೆಯುವವರು ಒಬ್ಬ ನುರಿತ ಸಂಘಟಕಿಯನ್ನು ಕೈಬಿಡುತ್ತಾರೆ.

ಅವರು ಹುಟ್ಟಿದ್ದು 1880ರ ಜೂನ್ 11ರಂದು, ಮೊಂಟಾನಾದ ಮಿಸೌಲಾ ಪಟ್ಟಣದ ಬಳಿ. ಆಗ ಅದಿನ್ನೂ ರಾಜ್ಯವಾಗಿರಲಿಲ್ಲ. ಕೆನಡಾದಿಂದ ಬಂದು ನೆಲೆಸಿದ ತಂದೆ ಜಾನುವಾರು ಸಾಕಣೆ ಮತ್ತು ಕಟ್ಟಡ ನಿರ್ಮಾಣದಲ್ಲಿ ತೊಡಗಿದ್ದರು, ತಾಯಿ ಮದುವೆಗೆ ಮುಂಚೆ ಶಾಲಾ ಶಿಕ್ಷಕಿಯಾಗಿದ್ದರು. ಮಕ್ಕಳಲ್ಲಿ ಜೆನೆಟ್ ಹಿರಿಯವರು. 1902ರಲ್ಲಿ ಮೊಂಟಾನಾ ವಿಶ್ವವಿದ್ಯಾಲಯದಿಂದ ಜೀವಶಾಸ್ತ್ರದಲ್ಲಿ ಪದವಿ ಪಡೆದ ಮೇಲೆ ಪಾಠ ಹೇಳಿದರು, ಹೊಲಿಗೆ ಕೆಲಸ ಮಾಡಿದರು, ಯಾವುದರಲ್ಲಿಯೂ ನೆಲೆ ನಿಲ್ಲಲಿಲ್ಲ. ತಮ್ಮ ವೆಲಿಂಗ್ಟನ್ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ ಅವರನ್ನು ಕಾಣಲು ಬಾಸ್ಟನ್‌ಗೆ ಹೋದವರು ಅಲ್ಲಿನ ಕೊಳೆಗೇರಿಗಳನ್ನು ಕಂಡರು. ಆನಂತರ ನ್ಯೂಯಾರ್ಕಿನಲ್ಲಿ ಸಮಾಜಸೇವೆಯ ತರಬೇತಿ ಪಡೆದರು. ಬಡಮಕ್ಕಳ ನಡುವೆ ಕೆಲಸ ಮಾಡಿದ ಮೇಲೆ, ಒಂದೊಂದೇ ಮಗುವನ್ನು ಉಳಿಸುವುದಕ್ಕಿಂತ ಕಾನೂನನ್ನೇ ಬದಲಿಸಬೇಕು, ಕಾನೂನು ಬದಲಾಗಬೇಕಾದರೆ ಹೆಂಗಸರಿಗೆ ಮತ ಬೇಕು ಎಂಬ ನಿಲುವಿಗೆ ಬಂದರು. 1910ರಲ್ಲಿ ವಾಷಿಂಗ್ಟನ್ ರಾಜ್ಯದ ಮತದಾನ ಚಳವಳಿಯಲ್ಲಿ ದುಡಿದು, 1911ರ ಫೆಬ್ರುವರಿಯಲ್ಲಿ ಮೊಂಟಾನಾದ ಶಾಸನಸಭೆಯ ಎದುರು ಸ್ತ್ರೀ ಮತದಾನದ ಪರವಾಗಿ ಮಾತನಾಡಿದರು. ಮುಂದಿನ ಮೂರು ವರ್ಷ ಚಳವಳಿಗಾಗಿ, ಅದರಲ್ಲಿ ಕೆಲಕಾಲ ರಾಷ್ಟ್ರೀಯ ಮಹಿಳಾ ಮತದಾನ ಸಂಘದ ಕ್ಷೇತ್ರ ಕಾರ್ಯದರ್ಶಿಯಾಗಿ, ರಾಜ್ಯದಿಂದ ರಾಜ್ಯಕ್ಕೆ ಅಲೆದರು. ಗಣಿಯ ಬಾಗಿಲಲ್ಲಿ, ರೈತರ ಕೂಟದಲ್ಲಿ, ಬೀದಿಯ ಮೂಲೆಯಲ್ಲಿ ಯಾರೊಂದಿಗೆ ಹೇಗೆ ಮಾತನಾಡಬೇಕೆಂಬುದನ್ನು ಅವರು ಕಲಿತದ್ದು ಈ ಅಲೆದಾಟದಲ್ಲಿ.

1916ರ ಗೆಲುವಿನಲ್ಲಿ ಚುನಾವಣಾ ಪದ್ಧತಿಯ ಪಾಲೂ ಇದೆ. ಮೊಂಟಾನಾಕ್ಕೆ ಪ್ರತಿನಿಧಿ ಸಭೆಯಲ್ಲಿ ಎರಡು ಸ್ಥಾನಗಳಿದ್ದವು, ಆದರೆ ರಾಜ್ಯವನ್ನು ಎರಡು ಕ್ಷೇತ್ರಗಳಾಗಿ ಒಡೆದಿರಲಿಲ್ಲ. ಇಡೀ ರಾಜ್ಯವೇ ಒಂದು ಕ್ಷೇತ್ರ, ಪ್ರತಿ ಮತದಾರರಿಗೂ ಎರಡು ಮತ. ಒಂದು ಮತವನ್ನು ನಿಮ್ಮ ಊರಿನ ಅಭ್ಯರ್ಥಿಗೆ ಹಾಕಿ, ಇನ್ನೊಂದನ್ನು ನನಗೆ ಕೊಡಿ ಎಂದು ರ್ಯಾಂಕಿನ್ ಕೇಳಿಕೊಂಡರು. ಯಾರ ನಿಷ್ಠೆಯನ್ನೂ ಕೆಣಕದ ಈ ಕೋರಿಕೆ ಫಲ ಕೊಟ್ಟಿತು. ವಕೀಲರೂ ಸ್ಥಿತಿವಂತರೂ ಆಗಿದ್ದ ವೆಲಿಂಗ್ಟನ್ ಪ್ರಚಾರದ ಹೊಣೆ ಹೊತ್ತು, ಹಣವನ್ನೂ ಒದಗಿಸಿದರು. ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಗಳನ್ನು ಆರಿಸುವ ಪ್ರಾಥಮಿಕ ಚುನಾವಣೆಯನ್ನು ಗೆದ್ದ ರ್ಯಾಂಕಿನ್ ಅಂತಿಮ ಕಣದಲ್ಲಿ ಎರಡನೆಯವರಾಗಿ ಬಂದರು. ಮೊದಲ ಸ್ಥಾನದ ಡೆಮಾಕ್ರಟಿಕ್ ಅಭ್ಯರ್ಥಿ ಜಾನ್ ಇವಾನ್ಸ್ ಅವರಿಗಿಂತ ಸುಮಾರು 7,600 ಮತ ಹಿಂದಿದ್ದರೂ ಮೂರನೆಯವರಿಗಿಂತ ಸುಮಾರು 6,000 ಮತ ಮುಂದಿದ್ದುದರಿಂದ ಎರಡನೆಯ ಸ್ಥಾನ ಅವರದಾಯಿತು. ಒಬ್ಬರೇ ಗೆಲ್ಲುವ ಕ್ಷೇತ್ರವಾಗಿದ್ದರೆ ಇದೇ ಫಲಿತಾಂಶ ಸೋಲಾಗುತ್ತಿತ್ತು. ಇದು ಅವರಿಗೂ ಚೆನ್ನಾಗಿ ತಿಳಿದಿತ್ತು. ಕೊನೆಯ ವರ್ಷಗಳಲ್ಲಿಯೂ ಅವರು ಬಹುಸದಸ್ಯ ಕ್ಷೇತ್ರಗಳು ಬೇಕೆಂದು ವಾದಿಸುತ್ತಿದ್ದರು. ಆದರೆ 1967ರಲ್ಲಿ ಕಾಂಗ್ರೆಸ್ ಕಾನೂನು ಮಾಡಿ ಪ್ರತಿ ಕ್ಷೇತ್ರಕ್ಕೂ ಒಬ್ಬರೇ ಸದಸ್ಯರು ಎಂಬ ನಿಯಮವನ್ನು ಗಟ್ಟಿಗೊಳಿಸಿತು.

ಇನ್ನು ಎರಡನೆಯ ಪ್ರಶ್ನೆ. 1917ರ ಏಪ್ರಿಲ್ 2ರ ಬೆಳಗ್ಗೆ ವಾಷಿಂಗ್ಟನ್ನಿನಲ್ಲಿ ರ್ಯಾಂಕಿನ್ ಅವರ ಗೌರವಾರ್ಥ ಉಪಾಹಾರ ಕೂಟ ನಡೆಯಿತು. ಮತದಾನ ಚಳವಳಿಯ ಎರಡು ಬಣಗಳ ನಾಯಕಿಯರಾದ ಕ್ಯಾರಿ ಚಾಪ್ಮನ್ ಕ್ಯಾಟ್ ಮತ್ತು ಆಲಿಸ್ ಪಾಲ್ ಅವರ ನಡುವೆ ಅವರನ್ನು ಕೂರಿಸಲಾಗಿತ್ತು. ಅದೇ ದಿನ ಅವರು ಪ್ರಮಾಣವಚನ ಸ್ವೀಕರಿಸಿದರು. ಅಂದು ಸಂಜೆಯೇ ಅಧ್ಯಕ್ಷ ವುಡ್ರೋ ವಿಲ್ಸನ್ ಸದನಕ್ಕೆ ಬಂದು ಜರ್ಮನಿಯ ಮೇಲೆ ಯುದ್ಧ ಘೋಷಿಸುವಂತೆ ಕೇಳಿದರು. ಸದನದಲ್ಲಿ ಕಣ್ಣುಬಿಡುವ ಮೊದಲೇ ಅತ್ಯಂತ ಕಠಿಣವಾದ ಪ್ರಶ್ನೆ ಅವರ ಎದುರು ಬಂದು ನಿಂತಿತು. ಯುದ್ಧಕ್ಕೆ ಒಪ್ಪದಿದ್ದರೆ ಮತದಾನ ಚಳವಳಿಗೇ ಕೆಟ್ಟ ಹೆಸರು ಬರುತ್ತದೆಂದು ಕ್ಯಾಟ್ ಅವರ ಬಣ ಆತಂಕಪಟ್ಟಿತು, ತಮ್ಮ ವೆಲಿಂಗ್ಟನ್ ಕೂಡ ಯುದ್ಧದ ಪರವಾಗಿ ಮತ ಹಾಕೆಂದು ಒತ್ತಾಯಿಸಿದರು. ಏಪ್ರಿಲ್ 6ರ ನಸುಕಿನಲ್ಲಿ ಹೆಸರು ಕೂಗಿ ಮತ ಕೇಳುವಾಗ ಮೊದಲ ಸುತ್ತಿನಲ್ಲಿ ಅವರು ಉತ್ತರಿಸಲಿಲ್ಲ. ಎರಡನೆಯ ಸುತ್ತಿನಲ್ಲಿ ಎದ್ದುನಿಂತು, ಮತ ಹಾಕುವಾಗ ಮಾತನಾಡಬಾರದೆಂಬ ರೂಢಿಯನ್ನು ಮುರಿದು, ನಾನು ನನ್ನ ದೇಶದ ಜೊತೆ ನಿಲ್ಲಬಯಸುತ್ತೇನೆ, ಆದರೆ ಯುದ್ಧಕ್ಕೆ ಮತ ಹಾಕಲಾರೆ ಎಂದರು.

ನಿರ್ಣಯ 373–50 ಮತಗಳಿಂದ ಅಂಗೀಕಾರವಾಯಿತು. ಅಂದರೆ ಅಂದು ಅವರೊಬ್ಬರೇ ಅಲ್ಲ, ಇನ್ನೂ 49 ಮಂದಿ ಗಂಡಸರು ವಿರುದ್ಧ ಮತ ಹಾಕಿದ್ದರು. ಅವರಲ್ಲಿ ಬಹುಮತ ಪಕ್ಷದ ನಾಯಕ ಕ್ಲಾಡ್ ಕಿಚಿನ್ ಅವರೂ ಇದ್ದರು. ರ್ಯಾಂಕಿನ್ ಬಿಕ್ಕಿಬಿಕ್ಕಿ ಅತ್ತರೆಂದು ಪತ್ರಿಕೆಗಳು ಬರೆದವು. ಅಂದು ಸದನದಲ್ಲಿ ಕಣ್ಣೊರೆಸಿಕೊಂಡ ಗಂಡಸರೂ ಇದ್ದರು, ಕಿಚಿನ್ ಅವರ ಕಣ್ಣುಗಳೂ ತುಂಬಿದ್ದವೆಂಬ ವರದಿಗಳಿವೆ, ಆದರೆ ಅವರ ಕಣ್ಣೀರು ಯಾರಿಗೂ ಮುಖ್ಯ ಸುದ್ದಿಯಾಗಲಿಲ್ಲ. ಹೆಣ್ಣು ರಾಜಕಾರಣಕ್ಕೆ ತಕ್ಕವಳಲ್ಲ ಎನ್ನಲು ಆಧಾರ ಹುಡುಕುತ್ತಿದ್ದವರಿಗೆ ಒಬ್ಬರ ಕಣ್ಣೀರು ಸಾಕಾಗಿತ್ತು.

ಆ ಮತದಿಂದಲೇ ಅವರ ರಾಜಕೀಯ ಮುಗಿಯಿತು ಎಂಬುದಕ್ಕೆ ನನ್ನ ಮೊದಲ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ಅದೇ ಮತ ಹಾಕಿದ ಕಿಚಿನ್ 1918ರಲ್ಲಿ ಮತ್ತೆ ಗೆದ್ದರು, 1923ರಲ್ಲಿ ತೀರಿಕೊಳ್ಳುವವರೆಗೂ ಸದಸ್ಯರಾಗಿದ್ದರು. ಮೇಲ್ಮನೆಯಾದ ಸೆನೆಟ್ಟಿನಲ್ಲಿ ಯುದ್ಧವನ್ನು ವಿರೋಧಿಸಿದ ಆರು ಮಂದಿಯಲ್ಲಿ ಒಬ್ಬರಾದ ಜಾರ್ಜ್ ನಾರಿಸ್ ಕೂಡ 1918ರಲ್ಲಿ ನೆಬ್ರಾಸ್ಕಾದಿಂದ ಪುನರಾಯ್ಕೆಯಾದರು. ರ್ಯಾಂಕಿನ್ ಸೋತದ್ದರ ಹಿಂದೆ ಬೇರೆ ಬಲವೊಂದಿತ್ತು, ಅದು ಮೊಂಟಾನಾದ ತಾಮ್ರ.

ಆ ರಾಜ್ಯದ ಅರ್ಥವ್ಯವಸ್ಥೆ, ಪತ್ರಿಕೆಗಳು, ಶಾಸನಸಭೆ ಎಲ್ಲದರ ಮೇಲೂ ಅನಕೊಂಡಾ ತಾಮ್ರ ಗಣಿ ಕಂಪನಿಯ ಹಿಡಿತವಿತ್ತು. ಅಲ್ಲಿನ ಜನ ಅದನ್ನು ಬರೀ ‘ಕಂಪನಿ’ ಎನ್ನುತ್ತಿದ್ದರು. 1917ರ ಜೂನ್ 8ರಂದು ಬ್ಯೂಟ್ ನಗರದ ಸ್ಪೆಕ್ಯುಲೇಟರ್ ಗಣಿಯಲ್ಲಿ (ಈ ಗಣಿ ಬೇರೊಂದು ಕಂಪನಿಯದು) ಬೆಂಕಿ ಹತ್ತಿ 168 ಕಾರ್ಮಿಕರು ಸತ್ತರು. ಕೆಳಗಿಳಿಸುತ್ತಿದ್ದ ವಿದ್ಯುತ್ ಕೇಬಲ್ ಜಾರಿ ಬಿದ್ದಿತ್ತು, ಅದರ ಮೇಲಿನ ಎಣ್ಣೆ ಹೊದಿಕೆಗೆ ಒಬ್ಬ ಮೇಲ್ವಿಚಾರಕನ ದೀಪದ ಕಿಡಿ ತಾಗಿ ಈ ಅನಾಹುತ ನಡೆದಿತ್ತು. ಕೇಬಲ್ಲನ್ನು ಇಳಿಸುತ್ತಿದ್ದದ್ದು ಬೆಂಕಿ ನಂದಿಸುವ ವ್ಯವಸ್ಥೆಯ ಸಲುವಾಗಿ ಎಂಬುದು ಈ ದುರಂತದ ಕ್ರೂರ ವ್ಯಂಗ್ಯ. ಇದರ ಬೆನ್ನಿಗೇ ದೊಡ್ಡ ಮುಷ್ಕರ ಆರಂಭವಾಯಿತು. ಕೆಲಸ ಹುಡುಕುವ ಪ್ರತಿಯೊಬ್ಬ ಕಾರ್ಮಿಕನೂ ಮೊದಲು ಗಣಿ ಮಾಲೀಕರಿಂದ ಚೀಟಿಯೊಂದನ್ನು ಪಡೆಯಬೇಕೆಂಬ ನಿಯಮವಿತ್ತು. ಸಂಘಟನೆ ಕಟ್ಟುವವರನ್ನು ಆ ಚೀಟಿಯ ಮೂಲಕ ಹೊರಗಿಡಲಾಗುತ್ತಿತ್ತು, ಅದನ್ನು ರದ್ದುಮಾಡಬೇಕೆಂಬುದು ಮುಷ್ಕರದ ಮುಖ್ಯ ಬೇಡಿಕೆಗಳಲ್ಲಿ ಒಂದು. ಆಗಸ್ಟ್ 1ರಂದು ಫ್ರಾಂಕ್ ಲಿಟಲ್ ಎಂಬ ಕಾರ್ಮಿಕ ಸಂಘಟಕರನ್ನು ಮುಸುಕುಧಾರಿಗಳು ರಾತ್ರಿ ಎಳೆದೊಯ್ದು ನೇಣು ಹಾಕಿದರು. ಅಂಥ ದಿನಗಳಲ್ಲಿ ರ್ಯಾಂಕಿನ್ ಬ್ಯೂಟ್‌ಗೆ ಹೋಗಿ ಸಾವಿರಾರು ಗಣಿ ಕಾರ್ಮಿಕರ ಸಭೆಯಲ್ಲಿ ಮಾತನಾಡಿದರು. ಒಕ್ಕೂಟ ಸರ್ಕಾರ ಮಧ್ಯೆ ಬರಬೇಕು, ಅಗತ್ಯವಿದ್ದರೆ ಗಣಿಗಳನ್ನು ತಾನೇ ನಡೆಸಬೇಕು ಎಂದು ವಾಷಿಂಗ್ಟನ್ನಿನಲ್ಲಿಯೂ ಒತ್ತಾಯಿಸಿದರು. ಇದಕ್ಕೆ ಕಂಪನಿ ತನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತದೆಂದು ಅವರು ಬಹಿರಂಗವಾಗಿಯೇ ಹೇಳಿದರು.

ಮೊಂಟಾನಾದ ಶಾಸನಸಭೆ ಆ ವರ್ಷವೇ ರಾಜ್ಯವನ್ನು ಎರಡು ಕ್ಷೇತ್ರಗಳಾಗಿ ಒಡೆದಿತ್ತು. ರ್ಯಾಂಕಿನ್ ಅವರ ಊರು ಸೇರಿದ್ದು ಡೆಮಾಕ್ರಟಿಕ್ ಪಕ್ಷ ಬಲವಾಗಿದ್ದ ಪಶ್ಚಿಮ ಕ್ಷೇತ್ರಕ್ಕೆ, ರಾಜ್ಯದುದ್ದಕ್ಕೂ ಹರಡಿದ್ದ ಅವರ ಬೆಂಬಲಕ್ಕೆ ಅಲ್ಲಿ ಬೆಲೆಯಿಲ್ಲ. ಹಾಗಾಗಿ 1918ರಲ್ಲಿ ಅವರು ಸೆನೆಟ್ ಸ್ಥಾನಕ್ಕೆ ಸ್ಪರ್ಧಿಸಿದರು. ಯುದ್ಧ ನಡೆಯುತ್ತಿರುವಾಗ, ಪತ್ರಿಕೆಗಳು ದೇಶದ್ರೋಹಿಗಳನ್ನು ಹುಡುಕುತ್ತಿದ್ದ ಹೊತ್ತಿನಲ್ಲಿ, ರಿಪಬ್ಲಿಕನ್ ಪ್ರಾಥಮಿಕ ಚುನಾವಣೆಯಲ್ಲಿ ಆಸ್ಕರ್ ಲ್ಯಾನ್‌ಸ್ಟ್ರಮ್ ಅವರೆದುರು ಸೋತದ್ದು ಎರಡು ಸಾವಿರಕ್ಕೂ ಕಡಿಮೆ ಮತಗಳಿಂದ. ಯುದ್ಧವಿರೋಧಿ ಮತ ಅವರನ್ನು ಮುಳುಗಿಸಿತ್ತೆಂದು ಹೇಳಲು ಈ ಅಂತರ ತೀರಾ ಚಿಕ್ಕದು. ಆನಂತರ ಮೂರನೆಯ ಪಕ್ಷದಿಂದ ನಿಂತು ಮೂರನೆಯ ಸ್ಥಾನ ಪಡೆದರು. ಆ ಮತದಿಂದ ಅವರಿಗೆ ನಷ್ಟವೇ ಆಗಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಕ್ಷೇತ್ರ ವಿಂಗಡಣೆ ಮತ್ತು ತಾಮ್ರದ ಹಣ ಇವೆರಡನ್ನೂ ಬಿಟ್ಟು ಸೋಲಿನ ಕಥೆ ಹೇಳುವುದು ಸರಿಯಲ್ಲ.

ಆ ಎರಡೇ ವರ್ಷಗಳಲ್ಲಿ ಅವರು ಮಾಡಿದ ಕೆಲಸವೂ ಸಣ್ಣದಲ್ಲ. ಸರ್ಕಾರದ ನೋಟು ಮುದ್ರಣಾಲಯದಲ್ಲಿ ಹೆಂಗಸರನ್ನು ದಿನಕ್ಕೆ ಹನ್ನೆರಡು ಗಂಟೆಗೂ ಮೀರಿ ದುಡಿಸುತ್ತಿದ್ದಾರೆಂಬ ದೂರು ಬಂದಾಗ ವಿಚಾರಣೆಗೆ ಪಟ್ಟುಹಿಡಿದು, ಎಂಟು ಗಂಟೆಯ ದುಡಿಮೆಯನ್ನು ಮರಳಿ ತರಿಸಿದರು. ತಾಯಿ ಮತ್ತು ಶಿಶುಗಳ ಆರೋಗ್ಯಕ್ಕೆ ಒಕ್ಕೂಟ ಸರ್ಕಾರ ಹಣ ಕೊಡಬೇಕೆಂಬ ಮಸೂದೆಯನ್ನು ಮಂಡಿಸಿದರು. ಅದೇ ವಿಚಾರ 1921ರಲ್ಲಿ ಷೆಪರ್ಡ್–ಟೌನರ್ ಕಾಯ್ದೆಯಾಗಿ ಜಾರಿಗೆ ಬಂದಿತು. 1918ರ ಜನವರಿ 10ರಂದು ಸ್ತ್ರೀ ಮತದಾನದ ಸಂವಿಧಾನ ತಿದ್ದುಪಡಿಯ ಚರ್ಚೆಯನ್ನು ಪ್ರತಿನಿಧಿ ಸಭೆಯಲ್ಲಿ ಆರಂಭಿಸಿದವರು ಅವರೇ. ಅಂದು 274–136 ಮತಗಳಿಂದ, ಅಂದರೆ ಮೂರನೇ ಎರಡರ ಬಹುಮತಕ್ಕೆ ಬೇಕಾದಷ್ಟೇ ಮತಗಳಿಂದ ಅದು ಪಾಸಾಯಿತು. ಸೆನೆಟ್ಟಿನಲ್ಲಿ ಬಿದ್ದುಹೋಗಿ, 1919ರಲ್ಲಿ ಎರಡೂ ಸದನಗಳನ್ನು ದಾಟುವ ಹೊತ್ತಿಗೆ ರ್ಯಾಂಕಿನ್ ಸದಸ್ಯರಾಗಿ ಉಳಿದಿರಲಿಲ್ಲ.

ಇನ್ನೊಂದು ಸಂಗತಿಯನ್ನು ಅವರ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. 1917ರ ಡಿಸೆಂಬರಿನಲ್ಲಿ ಆಸ್ಟ್ರಿಯಾ–ಹಂಗೇರಿಯ ಮೇಲೆ ಯುದ್ಧ ಘೋಷಿಸುವ ನಿರ್ಣಯ ಬಂದಾಗ ರ್ಯಾಂಕಿನ್ ಅದರ ಪರವಾಗಿ ಮತ ಹಾಕಿದರು. ಈಗಾಗಲೇ ನಡೆಯುತ್ತಿರುವ ಯುದ್ಧದಲ್ಲಿ ಇದೊಂದು ತಾಂತ್ರಿಕ ಹೆಜ್ಜೆ ಮಾತ್ರ ಎಂಬುದು ಅವರ ಸಮರ್ಥನೆಯಾಗಿತ್ತು. ಅಂದು ಏಕಾಂಗಿಯಾಗಿ ಬೇಡವೆಂದವರು ನ್ಯೂಯಾರ್ಕಿನ ಸಮಾಜವಾದಿ ಸದಸ್ಯ ಮೇಯರ್ ಲಂಡನ್. ನನಗೆ ಇದರಲ್ಲಿ ಕಳಂಕವೇನೂ ಕಾಣುವುದಿಲ್ಲ. ಅವರು ಲೆಕ್ಕಾಚಾರವಿಲ್ಲದ ಆದರ್ಶವಾದಿಯಾಗಿರಲಿಲ್ಲ, ಯಾವುದನ್ನು ತಡೆಯಬಹುದು, ಯಾವುದು ಕೈಮೀರಿದೆ ಎಂದು ತೂಗಿ ನೋಡುವವರಾಗಿದ್ದರು.

ಮುಂದಿನ ಇಪ್ಪತ್ತೆರಡು ವರ್ಷಗಳನ್ನು ಅವರು ಸದನದ ಹೊರಗೆ ಕಳೆದರು. 1919ರಲ್ಲಿ ಸಮಾಜ ಸುಧಾರಕಿ ಜೇನ್ ಆಡಮ್ಸ್ ಅವರ ಜೊತೆ ಯೂರೋಪಿಗೆ ಹೋಗಿ ಮಹಿಳೆಯರ ಅಂತರರಾಷ್ಟ್ರೀಯ ಶಾಂತಿ ಸಮ್ಮೇಳನದಲ್ಲಿ ಭಾಗವಹಿಸಿದರು. ದುಡಿಯುವ ಹೆಂಗಸರ ಪರವಾಗಿ, ಆಮೇಲೆ ಯುದ್ಧ ತಡೆಯುವ ಸಂಘಟನೆಗಳ ಪರವಾಗಿ ವಾಷಿಂಗ್ಟನ್ನಿನಲ್ಲಿ ಒತ್ತಡ ತರುವ ಕೆಲಸ ಮಾಡಿದರು. 1924ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಜಮೀನು ಕೊಂಡು, ಬಹಳ ಸರಳವಾದ ಮನೆಯಲ್ಲಿ ಬಾಳಿದರು.

1940ರಲ್ಲಿ, 60ನೆಯ ವಯಸ್ಸಿನಲ್ಲಿ, ಮೊಂಟಾನಾದ ಅದೇ ಪಶ್ಚಿಮ ಕ್ಷೇತ್ರದಿಂದ ಮತ್ತೆ ನಿಂತರು. ಯೆಹೂದಿ ದ್ವೇಷಕ್ಕೆ ಹೆಸರಾಗಿದ್ದ ಹಾಲಿ ಸದಸ್ಯ ಜೇಕಬ್ ಥಾರ್ಕಲ್ಸನ್ ಅವರನ್ನು ಪ್ರಾಥಮಿಕ ಚುನಾವಣೆಯಲ್ಲಿಯೂ ಮಾಜಿ ಸದಸ್ಯ ಜೆರಿ ಒಕಾನೆಲ್ ಅವರನ್ನು ಅಂತಿಮ ಕಣದಲ್ಲಿಯೂ ಸೋಲಿಸಿದರು. 1917ರ ಮತ ಅವರ ರಾಜಕೀಯವನ್ನು ಮುಗಿಸಿತ್ತೆಂಬ ಮಾತಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ. ಯುದ್ಧದಿಂದ ದೂರವಿರುತ್ತೇವೆಂಬ ಭರವಸೆಯೇ ಆಗ ಅವರನ್ನು ಗೆಲ್ಲಿಸಿತು.

1941ರ ಡಿಸೆಂಬರ್ 8ರ ಮತ ಬೇರೆಯದೇ ಬಗೆಯದು. ಹಿಂದಿನ ದಿನ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿ 2,400ಕ್ಕೂ ಹೆಚ್ಚು ಅಮೆರಿಕನ್ನರನ್ನು ಕೊಂದಿತ್ತು. ಸದನದಲ್ಲಿ ರ್ಯಾಂಕಿನ್ ಪದೇ ಪದೇ ಎದ್ದುನಿಂತರೂ ಸ್ಪೀಕರ್ ಸ್ಯಾಮ್ ರೇಬರ್ನ್ ಮಾತಿಗೆ ಅವಕಾಶ ಕೊಡಲಿಲ್ಲ. ಹೆಣ್ಣಾಗಿ ನಾನು ಯುದ್ಧಕ್ಕೆ ಹೋಗಲಾರೆ, ಬೇರೆಯವರನ್ನು ಕಳುಹಿಸಲೂ ಒಪ್ಪಲಾರೆ ಎಂದು ಅವರು ಹೇಳಿದರು. ಫಲಿತಾಂಶ 388–1. ಸದನದಿಂದ ಹೊರಬಂದವರು ರೊಚ್ಚಿಗೆದ್ದ ಗುಂಪಿನಿಂದ ತಪ್ಪಿಸಿಕೊಳ್ಳಲು ಟೆಲಿಫೋನ್ ಕೋಣೆಯೊಂದರೊಳಗೆ ಸೇರಿಕೊಳ್ಳಬೇಕಾಯಿತು, ಪೊಲೀಸರು ಬಂದು ಅವರನ್ನು ಕಚೇರಿಗೆ ತಲುಪಿಸಿದರು. ಇಡೀ ಮೊಂಟಾನಾ ನಿನ್ನ ವಿರುದ್ಧವಿದೆ ಎಂದು ಸ್ವಂತ ತಮ್ಮನೇ ತಿಳಿಸಿದರು. ಮೂರು ದಿನಗಳ ನಂತರ ಜರ್ಮನಿ ಮತ್ತು ಇಟಲಿಯ ವಿರುದ್ಧದ ನಿರ್ಣಯಗಳು ಬಂದಾಗ ಅವರು ಪರವೂ ಇಲ್ಲ, ವಿರೋಧವೂ ಇಲ್ಲ ಎಂಬಂತೆ ಹಾಜರಿಯನ್ನಷ್ಟೇ ದಾಖಲಿಸಿದರು.

ಈ ಎರಡನೆಯ ಮತದ ಧೈರ್ಯವನ್ನು ಮೆಚ್ಚಬಹುದು, ಅದರ ಹಿಂದಿನ ವಾದವನ್ನು ಒಪ್ಪುವುದು ಕಷ್ಟ. ರೂಸ್‌ವೆಲ್ಟ್ ಸರ್ಕಾರದ ವ್ಯಾಪಾರ ನಿರ್ಬಂಧಗಳೇ ಜಪಾನನ್ನು ಯುದ್ಧಕ್ಕೆ ತಳ್ಳಿದವೆಂದು ಅವರು ಒಂದು ವರ್ಷದ ನಂತರ ಸದನದ ದಾಖಲೆಗೆ ಸೇರಿಸಿದ ಹೇಳಿಕೆಯಲ್ಲಿ ವಾದಿಸಿದರು. 1937ರಿಂದ ಜಪಾನ್ ಚೀನಾದಲ್ಲಿ ನಡೆಸುತ್ತಿದ್ದ ಯುದ್ಧಕ್ಕೆ ಆ ವಾದದಲ್ಲಿ ಸಿಗಬೇಕಾದಷ್ಟು ತೂಕ ಸಿಕ್ಕಿಲ್ಲ. ಹೆಂಗಸರು ಸಹಜವಾಗಿಯೇ ಶಾಂತಿಪ್ರಿಯರು ಎಂಬ ಅವರ ನಂಬಿಕೆಯನ್ನೂ ಅಂದಿನ ಸದನವೇ ಪರೀಕ್ಷೆಗೆ ಒಡ್ಡಿತು. ಆ ಹೊತ್ತಿಗೆ ಅಲ್ಲಿ ಮಾರ್ಗರೆಟ್ ಚೇಸ್ ಸ್ಮಿತ್, ಎಡಿತ್ ನೋರ್ಸ್ ರಾಜರ್ಸ್ ಮೊದಲಾದ ಬೇರೆ ಮಹಿಳೆಯರೂ ಸದಸ್ಯರಾಗಿದ್ದರು, ಅವರಲ್ಲಿ ಒಬ್ಬರೂ ರ್ಯಾಂಕಿನ್ ಅವರ ಜೊತೆ ನಿಲ್ಲಲಿಲ್ಲ.

ಈ ಮತ ಅವರ ಚುನಾವಣಾ ಜೀವನವನ್ನು ಮುಗಿಸಿತು ಎಂಬುದು ನಿಜ. 1942ರಲ್ಲಿ ಅವರು ಮತ್ತೆ ಸ್ಪರ್ಧಿಸಲಿಲ್ಲ. ಆ ಸ್ಥಾನವನ್ನು ಗೆದ್ದ ಮೈಕ್ ಮ್ಯಾನ್ಸ್‌ಫೀಲ್ಡ್ ಮುಂದೆ 16 ವರ್ಷ ಸೆನೆಟ್ಟಿನ ಬಹುಮತ ನಾಯಕರಾದರು. ಆದರೂ ಒಂಟಿ ಮತವೆಂದರೆ ರಾಜಕೀಯ ಸಾವು ಎಂಬುದು ನಿಯಮವಲ್ಲ. 2001ರ ಸೆಪ್ಟೆಂಬರ್ 14ರಂದು, ಭಯೋತ್ಪಾದಕ ದಾಳಿಯ ಬೆನ್ನಿಗೇ ಬಂದ ಸೇನಾಬಲ ಬಳಕೆಯ ನಿರ್ಣಯಕ್ಕೆ 420–1ರಲ್ಲಿ ಒಬ್ಬರೇ ವಿರೋಧ ಸೂಚಿಸಿದ ಕ್ಯಾಲಿಫೋರ್ನಿಯಾದ ಬಾರ್ಬರಾ ಲೀ ಅವರನ್ನು ಓಕ್ಲೆಂಡ್–ಬರ್ಕ್ಲಿ ಪ್ರದೇಶದ ಮತದಾರರು ಮತ್ತೆ ಮತ್ತೆ ಗೆಲ್ಲಿಸಿದರು, 2025ರ ಜನವರಿಯವರೆಗೂ ಅವರು ಸದಸ್ಯರಾಗಿದ್ದರು. ಮತ ಹಾಕಿದ ಸಂದರ್ಭ ಯಾವುದು, ಹಿಂದೆ ನಿಂತ ಕ್ಷೇತ್ರ ಎಂಥದು ಎಂಬುದೇ ಇಲ್ಲಿ ನಿರ್ಣಾಯಕ.

ಗಾಂಧೀಜಿಯವರ ವಿಷಯಕ್ಕೆ ಬಂದರೆ, ಕಾಲಕ್ರಮವೇ ಅರ್ಧ ಉತ್ತರ ಹೇಳುತ್ತದೆ. ರ್ಯಾಂಕಿನ್ ಮೊದಲ ಮತ ಹಾಕಿದ 1917ರ ಏಪ್ರಿಲ್‌ನಲ್ಲಿಯೇ ಗಾಂಧೀಜಿ ಚಂಪಾರಣ್ಯಕ್ಕೆ ಕಾಲಿಟ್ಟದ್ದು. ಭಾರತದ ನೆಲದಲ್ಲಿ ಸತ್ಯಾಗ್ರಹ ಆಗಷ್ಟೇ ಮೊಳೆಯುತ್ತಿತ್ತು, ಆ ಮತಕ್ಕೆ ಅದು ಪ್ರೇರಣೆಯಾಗಿರಲು ಸಾಧ್ಯವಿಲ್ಲ. ಅವರ ಶಾಂತಿವಾದದ ಬೇರುಗಳು ಜೇನ್ ಆಡಮ್ಸ್ ಅವರಂಥ ಸುಧಾರಕರಲ್ಲಿ ಮತ್ತು ಮತದಾನ ಚಳವಳಿಯಲ್ಲಿವೆ. ಗಾಂಧೀಜಿ ಅವರ ಬದುಕನ್ನು ಪ್ರವೇಶಿಸಿದ್ದು ಆಮೇಲೆ. 1946ರಿಂದ 1971ರ ನಡುವೆ ರ್ಯಾಂಕಿನ್ ಏಳು ಸಲ ಭಾರತಕ್ಕೆ ಬಂದು ಅಹಿಂಸಾ ಹೋರಾಟದ ಕ್ರಮವನ್ನು ಅಧ್ಯಯನ ಮಾಡಿದರು.

ಆ ಅಧ್ಯಯನದ ನೆರಳು ಅವರ ಕೊನೆಯ ದೊಡ್ಡ ಸಾರ್ವಜನಿಕ ಕೆಲಸದಲ್ಲಿ ಕಾಣುತ್ತದೆ. 1968ರ ಜನವರಿ 15ರಂದು, 87ನೆಯ ವಯಸ್ಸಿನಲ್ಲಿ, ವಿಯೆಟ್ನಾಂ ಯುದ್ಧದ ವಿರುದ್ಧ ಸುಮಾರು 5,000 ಮಹಿಳೆಯರ ಮೆರವಣಿಗೆಯನ್ನು ಅವರು ವಾಷಿಂಗ್ಟನ್ನಿನಲ್ಲಿ ಮುನ್ನಡೆಸಿದರು. ಮಾರ್ಟಿನ್ ಲೂಥರ್ ಕಿಂಗ್ ಅವರ ಪತ್ನಿ ಕೊರೆಟಾ ಸ್ಕಾಟ್ ಕಿಂಗ್ ಕೂಡ ಅದರಲ್ಲಿದ್ದರು. ತಂಡದ ಹೆಸರೇ ಜೆನೆಟ್ ರ್ಯಾಂಕಿನ್ ಬ್ರಿಗೇಡ್. ಸಂಸತ್ ಭವನದ ಆವರಣದಲ್ಲಿ ಪ್ರದರ್ಶನ ನಿಷೇಧಿಸುವ 1882ರ ಕಾನೂನನ್ನು ಮುಂದಿಟ್ಟು ಪೊಲೀಸರು ಮೆರವಣಿಗೆಯನ್ನು ತಡೆದಾಗ, ರ್ಯಾಂಕಿನ್ ಒಂದು ಚಿಕ್ಕ ನಿಯೋಗದೊಡನೆ ಒಳಹೋಗಿ ಸ್ಪೀಕರ್ ಜಾನ್ ಮೆಕಾರ್ಮಾಕ್ ಅವರಿಗೆ ಮನವಿ ಕೊಟ್ಟು ಬಂದರು. ಬ್ರಿಗೇಡ್ ಅಲ್ಲಿಗೇ ಬಿಡದೆ ಆ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿತು. 1972ರಲ್ಲಿ ನ್ಯಾಯಾಲಯ ಅದನ್ನು ಸಂವಿಧಾನಬಾಹಿರವೆಂದು ರದ್ದುಮಾಡಿತು, ಸುಪ್ರೀಂ ಕೋರ್ಟ್ ಅದೇ ವರ್ಷ ಆ ತೀರ್ಪನ್ನು ಎತ್ತಿಹಿಡಿಯಿತು. 1973ರ ಮೇ 18ರಂದು ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ ರ್ಯಾಂಕಿನ್ ತೀರಿಕೊಂಡರು. ಆ ಆವರಣದಲ್ಲಿ ಸಭೆ ಸೇರಲು ಸಾಮಾನ್ಯ ಜನರಿಗೆ ಇರುವ ಹಕ್ಕಿನ ಪ್ರಶ್ನೆ ಬಂದಾಗ ಅಲ್ಲಿನ ವಕೀಲರು ಇಂದಿಗೂ ಉಲ್ಲೇಖಿಸುವ ಪ್ರಕರಣಕ್ಕೆ ಅವರದೇ ಹೆಸರಿದೆ.